ಹನ್ನೆರಡನೇ ಅಧ್ಯಾಯದವರೆಗೆ

“ಆ ಅಕ್ಕನಿಗೆ ಕಣ್ಣೇ ಇರಲಿಲ್ಲ ಬಿಡಿ,” ಎಂದರು ಅಮರನಾಥ್ ಎಂಬ ನಿವೃತ್ತ ಅಧಿಕಾರಿ, ಮೈಕನ್ನು ಬಾಯಿಗೆ ತೀರಾ ಹತ್ತಿರ ಹಿಡಿದು. ಸಭೆ ನಕ್ಕಿತು.

ಹಿಂದಿನ ಸಾಲಿನಲ್ಲಿ ಕೂತಿದ್ದ ಶ್ಯಾಮಲಮ್ಮ ನಗಲಿಲ್ಲ. ಸೆರಗಿನ ತುದಿ ಸುತ್ತಿ ಸುತ್ತಿ ಅವಳ ಬೆರಳು ಬಿಳಚಿಕೊಂಡಿತ್ತು. ಕಾದಂಬರಿಯ ಆ ಅಕ್ಕ ಬೇರೆ ಯಾರೂ ಅಲ್ಲ, ಅವಳೇ. ಇಡೀ ಸಭೆಯಲ್ಲಿ ಅದು ಗೊತ್ತಿದ್ದದ್ದು ಮೂವರಿಗೆ: ಅವಳಿಗೆ, ಪಕ್ಕದಲ್ಲಿ ಕೂತಿದ್ದ ಗಂಡ ವೆಂಕಟರಾಯಪ್ಪನಿಗೆ, ಮತ್ತು ವೇದಿಕೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ ಲೇಖಕಿಗೆ. ಲೇಖಕಿ ಗಂಗರತ್ನಮ್ಮ ಅವಳ ಒಡಹುಟ್ಟಿದ ತಂಗಿ.

ಕೋಲಾರದಲ್ಲಿ ಓದುಗರು ಸೇರಿ ಆ ಪುಸ್ತಕದ ಬಗ್ಗೆ ಮಾತಾಡುತ್ತಾರೆಂದು ತಿಳಿದಾಗಲೇ ಶ್ಯಾಮಲಮ್ಮ ಮಾಸ್ತಿಯಿಂದ ಹೊರಡಲು ನಿರ್ಧರಿಸಿದ್ದಳು. ಎಲ್ಲರೆದುರು ತಂಗಿಯನ್ನು ಒಂದು ಮಾತು ಕೇಳಬೇಕಿತ್ತು. “ಬೇಡ ಕಣೇ. ಕಥೆ ಅಂದ್ಮೇಲೆ ಏನೇನೋ ಬರೀತಾರೆ,” ಎಂದು ಗಂಡ ತಡೆದ. ಕೇಳದಿದ್ದಾಗ ತಾನೂ ಜೊತೆಗೆ ಬಂದ.

ಕಥೆಯೇನು ಬಂತು? ಎಲ್ಲವೂ ನಡೆದದ್ದೇ. ಮೂವತ್ತೊಂಬತ್ತು ವರ್ಷದ ಹಿಂದೆ ಗಂಗರತ್ನ ಅಕ್ಕನ ಮನೆಯಲ್ಲಿದ್ದುಕೊಂಡು ಟೀಚರ್ ಟ್ರೈನಿಂಗಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಇಪ್ಪತ್ತೊಂದರ ಹುಡುಗಿ. ಮದುವೆಯಿಲ್ಲದೆ ಬಸಿರಾದಳು. ಪಾಠ ಹೇಳಲು ಬಂದಿದ್ದ ಆಂಧ್ರದ ಮೇಷ್ಟ್ರೊಬ್ಬ ಕೈಕೊಟ್ಟು ಹೋದನೆಂದು ಅತ್ತಳು.

ಇತ್ತ ಮದುವೆಯಾಗಿ ಒಂಬತ್ತು ವರ್ಷವಾದರೂ ಶ್ಯಾಮಲಮ್ಮನ ಮಡಿಲು ತುಂಬಿರಲಿಲ್ಲ. ಅಕ್ಕತಂಗಿಯರಿಬ್ಬರೂ ಮುಳಬಾಗಿಲಿನ ಚಿಕ್ಕಮ್ಮನ ಮನೆಗೆ ಹೋಗಿ ಐದು ತಿಂಗಳು ಇದ್ದು ಬಂದರು. ಹೆತ್ತವಳು ತಂಗಿ, ಎತ್ತಿಕೊಂಡು ಊರಿಗೆ ಬಂದವಳು ಅಕ್ಕ. ಹಿಂದೊಮ್ಮೆ ತನ್ನ ಸ್ವಂತ ಅಣ್ಣನ ಕೂಸನ್ನು ದತ್ತು ತಗೊಳ್ಳೋಣವೆಂದಾಗ “ಇನ್ನೊಬ್ಬರ ಮಗು ನಂಗೆ ಬೇಡ” ಎಂದು ಹಟ ಹಿಡಿದಿದ್ದ ವೆಂಕಟರಾಯಪ್ಪ, ಈ ಮಗುವಿಗೆ ಒಂದೇ ಮಾತಿಗೆ ಒಪ್ಪಿದ. ಅವನ ಆ ದೊಡ್ಡ ಮನಸ್ಸನ್ನು ನೆನೆದು ಶ್ಯಾಮಲಮ್ಮ ಇಂದಿಗೂ ಕೈ ಮುಗಿಯುತ್ತಾಳೆ.

ಆ ಮಗುವೇ ರಮ್ಯ. ಈಗ ಶ್ರೀನಿವಾಸಪುರದ ಸೊಸೆ, ಎರಡು ಮಕ್ಕಳ ತಾಯಿ. ತಾನು ಯಾರ ಹೊಟ್ಟೆಯಲ್ಲಿ ಹುಟ್ಟಿದವಳೆಂದು ಅವಳಿಗೆ ಗೊತ್ತಿಲ್ಲ. ಎಂದಿಗೂ ಗೊತ್ತಾಗಬಾರದೆಂದು ಅಕ್ಕತಂಗಿಯರು ದೇವರ ದೀಪ ಮುಟ್ಟಿ ಆಣೆ ಮಾಡಿದ್ದರು. ಗಂಗರತ್ನ ಆಮೇಲೆ ಮದುವೆಯೂ ಆಗಲಿಲ್ಲ, ಅಕ್ಕನ ಮನೆಯ ಹೊಸಿಲನ್ನೂ ತುಳಿಯಲಿಲ್ಲ. ಮಗುವನ್ನು ಕಂಡರೆ ಕರುಳು ಎಳೆಯುತ್ತದೆ, ಅದಕ್ಕೇ ಬರುವುದಿಲ್ಲ ಎಂದು ಶ್ಯಾಮಲಮ್ಮ ತಿಳಿದುಕೊಂಡಿದ್ದಳು.

ಅಂಥವಳು ಆಣೆ ಮುರಿದಳು. ಹೋದ ತಿಂಗಳು ಪುಸ್ತಕ ಅಂಚೆಯಲ್ಲಿ ಬಂತು. ಶ್ಯಾಮಲಮ್ಮ ಒಲೆಯ ಮೇಲಿನ ಸಾರು ಸೀಯಲು ಬಿಟ್ಟು ಓದಿದಳು. ಹನ್ನೆರಡನೇ ಅಧ್ಯಾಯದಲ್ಲಿ ಅಕ್ಕ ತಂಗಿಯ ಎದೆಯಿಂದ ಮಗುವನ್ನು ಬಿಡಿಸಿಕೊಳ್ಳುತ್ತಾಳೆ. ಅಲ್ಲಿಗೆ ಬಂದಾಗ ಪುಸ್ತಕ ಕೈಯಿಂದ ಜಾರಿತು. ಗಂಡ ಅದನ್ನೆತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದ. “ಓದಿದ್ದು ಸಾಕು. ಬಿ.ಪಿ. ಏರಿದ್ರೆ ಏನ್ ಗತಿ?”

ರಮ್ಯಳ ಕೈಗೆ ಈ ಪುಸ್ತಕ ಸಿಕ್ಕರೆ? ಅಂದಿನಿಂದ ಶ್ಯಾಮಲಮ್ಮನಿಗೆ ಅದೇ ಚಿಂತೆ.

ಮೈಕು ಅಜ್ಮತುಲ್ಲಾ ಅವರ ಕೈಗೆ ಬಂತು. ಮುಳಬಾಗಿಲಿನಲ್ಲಿ ಪುಸ್ತಕದಂಗಡಿ ಇಟ್ಟವರು, ಮೆದುಮಾತಿನವರು. “ನಂಗೆ ಅಕ್ಕನ ಮೇಲೆ ಕೋಪ ಇಲ್ಲ ಸಾರ್. ಒಂದೇ ಸೂರಿನಡಿ ಇದ್ದು ತಂಗಿಯ ಸಂಕಟ ಅವ್ಳಿಗೆ ಕಾಣ್ಲಿಲ್ವಲ್ಲ, ಅದೇ ಬೇಜಾರು.”

“ಕಂಡಿದ್ರೆ ಆ ಸಂಸಾರ ಉಳೀತಿತ್ತೇನ್ರಿ?” ಎಂದರು ಅಮರನಾಥ್.

ವೆಂಕಟರಾಯಪ್ಪ ಗಡಿಯಾರ ನೋಡಿಕೊಂಡು ಹೆಂಡತಿಯ ಮೊಣಕೈ ಹಿಡಿದ. “ಏಳು, ಮಾಸ್ತಿ ಬಸ್ಸು ಹೋದ್ರೆ ಕಷ್ಟ.”

“ನೀವ್ ಸುಮ್ನಿರಿ,” ಎಂದು ಶ್ಯಾಮಲಮ್ಮ ಕೈ ಕೊಡವಿ ಎದ್ದು ನಿಂತಳು. ಅವಳ ದನಿಗೆ ಮೈಕು ಬೇಕಾಗಲಿಲ್ಲ.

“ಆ ಅಕ್ಕನ ತಪ್ಪೇನ್ರಿ? ತಂಗಿ ಮಾನ ಕಾಪಾಡಿದ್ಲು. ಇಲ್ಲದ ಬಸಿರು ಇದೆ ಅಂತ ಊರಿಗೆಲ್ಲ ಸುಳ್ಳು ಹೇಳಿದ್ಲು. ಕೂಸಿಗೆ ಜ್ವರ ಬಂದ್ರೆ ಬೆಳಗಾಗೋವರ್ಗೂ ಮಡಿಲಿಂದ ಇಳಿಸ್ತಿರಲಿಲ್ಲ. ಅಂಥವಳ ಮನೆ ಗುಟ್ಟನ್ನ ತಂದು ಬೀದಿಗೆ ಹಾಕಿದ್ರಲ್ಲ, ಅವ್ರನ್ನ ಯಾರೂ ಕೇಳಲ್ವಾ? ಉಂಡ ಮನೆ ಜಂತೆ ಎಣಿಸಿದೋರು ಯಾರು?”

ವೇದಿಕೆಯಲ್ಲಿ ಗಂಗರತ್ನಮ್ಮ ಅಂದು ಮೊದಲ ಸಲ ತಲೆ ಎತ್ತಿದಳು. ನೋಡನೋಡುತ್ತ ಕಣ್ಣು ತುಂಬಿ ಬಂತು.

“ಅಕ್ಕಾ... ನೀನು ಕೊನೇತನಕ ಓದ್ಲಿಲ್ವಾ?”

ಅಷ್ಟೇ ಅಂದಳು.

ಶ್ಯಾಮಲಮ್ಮನ ಮುಂದಿನ ಕುರ್ಚಿಯಲ್ಲಿ ರುಕ್ಸಾರ್ ಎಂಬ ಕಾಲೇಜು ಹುಡುಗಿ ಕೂತಿದ್ದಳು. ಲೇಖಕಿ ಯಾರೋ ಹಿರಿಯ ಓದುಗಿಯನ್ನು ಮರ್ಯಾದೆಗೆ ಅಕ್ಕಾ ಎಂದರೆಂದುಕೊಂಡು, ಹಿಂದಕ್ಕೆ ತಿರುಗಿ ಸಮಾಧಾನದ ದನಿಯಲ್ಲಿ ಹೇಳಿದಳು:

“ಅಕ್ಕನ್ನ ಯಾರೂ ಬೈತಿಲ್ಲ ಆಂಟಿ, ಪಾಪ ಅಂತೀವಿ. ಮೇಷ್ಟ್ರು ಅನ್ನೋನು ಒಬ್ಬ ಇರಲೇ ಇಲ್ಲ ಅಂತ ಅವ್ಳಿಗೆ ಕೊನೇವರ್ಗೂ ಗೊತ್ತಾಗಲ್ಲ. ಆ ಮಗುವಿನ ಅಪ್ಪ ಅವಳ ಗಂಡಾನೇ.”