ತಿರುಗಿ ಕೂತ ಮೂಲೆ

ಮೂವತ್ತೊಂದನೆಯ ಸೆಕೆಂಡಿಗೆ ಚಿಲ್ಲಾಳ ಬೆರಳುಗಳು ನಿಂತುಬಿಟ್ಟವು. ಸಾಂಸ್ಕೃತಿಕ ಭವನದ ವೇದಿಕೆಯ ಮೇಲೆ, ಇನ್ನೂ ಓಡುತ್ತಲೇ ಇದ್ದ ಗಡಿಯಾರದ ಮುಂದೆ, ಹದಿನಾಲ್ಕರ ಹುಡುಗಿ ಕೈಯಲ್ಲಿದ್ದ, ತಿರುಗಿಸಿ ಬಣ್ಣ ಕೂಡಿಸುವ ಕ್ಯೂಬನ್ನು ಹೊರಳಿಸಿ ಹೊರಳಿಸಿ ನೋಡಿದಳು. ಬಣ್ಣಗಳೆಲ್ಲ ಕೂಡಿಕೊಂಡಿದ್ದವು. ಒಂದು ಮೂಲೆ ಮಾತ್ರ ತನ್ನ ಜಾಗದಲ್ಲೇ ಇದ್ದೂ ಅಡ್ಡ ತಿರುಗಿ ಕೂತಿತ್ತು. ಬಿಳಿ ಇರಬೇಕಾದಲ್ಲಿ ಕೆಂಪು, ಕೆಂಪು ಇರಬೇಕಾದಲ್ಲಿ ನೀಲಿ.

ಮೂರನೆಯ ಸಾಲಿನಲ್ಲಿದ್ದ ಅಕ್ಕ ಎಮೊಕೆಗೆ ಅಷ್ಟು ದೂರದಿಂದ ಬಣ್ಣ ಕಾಣಲಿಲ್ಲ. ತಂಗಿಯ ಹೆಬ್ಬೆರಳು ಒಂದೇ ಮೂಲೆಯನ್ನು ಸವರುತ್ತಿದ್ದುದು ಕಂಡಿತು. ಏನಾಗಿದೆಯೆಂದು ಅವಳಿಗೆ ಆಗಲೇ ಹೊಳೆಯಿತು.

ಸ್ಪರ್ಧೆಯ ಇಪ್ಪತ್ತು ಕ್ಯೂಬುಗಳನ್ನು ಶುಕ್ರವಾರ, ತಾನು ಕೆಲಸ ಮಾಡುವ ಕ್ಯೂಬಿನ ವರ್ಕ್‌ಶಾಪಿನಲ್ಲಿ ಅಣಿಮಾಡಿದ್ದು ಎಮೊಕೆಯೇ. ಒಂದೊಂದರ ಸ್ಕ್ರೂ ಸಡಿಲಿಸಿ, ಒಳಗೆ ವ್ಯಾಸಲೀನ್ ಸವರಿ, ಸರಾಗವಾಗುವವರೆಗೆ ತಿರುಗಿಸಿ ಬಣ್ಣ ಕಲೆಸಿಡಬೇಕು. ಕೊನೆಯದು ಕೈಯಲ್ಲಿದ್ದಾಗ ಮೂಲೆಯ ತುಂಡೊಂದು ಚಿಮ್ಮಿ ಬೆಂಚಿನಡಿಗೆ ಹೋಯಿತು. ಆ ತುಂಡನ್ನು ಅದರ ಗೂಡಿನಲ್ಲಿ ಮೂರು ಬಗೆಯಾಗಿ ಕೂರಿಸಬಹುದು. ಸರಿಯಾದದ್ದು ಒಂದೇ. ಅದು ಯಾವುದೆಂದು ಕ್ಯೂಬನ್ನು ಪೂರ್ತಿ ಬಿಡಿಸಿ, ಬಣ್ಣಗಳನ್ನೆಲ್ಲ ಕೂಡಿಸಿ ನೋಡಿದರಷ್ಟೇ ತಿಳಿಯುತ್ತದೆ. ಎಮೊಕೆಗೆ ಅದು ಅರ್ಧ ನಿಮಿಷದ ಕೆಲಸ. ಆದರೆ ಮೇಲ್ವಿಚಾರಕಿ ಇರ್ಮಾ ಆಗಲೇ ಕೋಟು ತೊಟ್ಟು, ಬೀಗದ ಕೈ ಆಡಿಸುತ್ತ ಬಾಗಿಲಲ್ಲಿ ನಿಂತಿದ್ದಳು. "ಮುಗೀತೇನೇ? ನಿನಗೋಸ್ಕರ ಬಸ್ಸು ಕಾಯುತ್ತಾ?" ಎಮೊಕೆ ತುಂಡನ್ನು ಒತ್ತಿ ಕೂರಿಸಿ ಪೆಟ್ಟಿಗೆ ಮುಚ್ಚಿದ್ದಳು.

ಚಿಲ್ಲಾಗೆ ಕಲಿಸಿದ್ದೂ ಅವಳೇ. ಎಮೊಕೆಯ ಕೈ ತಂಗಿಯ ಕೈಗಿಂತ ಚುರುಕು. ಆದರೆ ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿದರೂ ಸಾಕು, ಅವಳ ಬೆರಳು ಮರಗಟ್ಟುತ್ತಿದ್ದವು. ಹಾಗಾಗಿ ಎರಡು ಚಳಿಗಾಲ ಅಡುಗೆಮನೆಯ ಮೇಜಿನ ಮೇಲೆ, ತನ್ನ ಕೈಯಲ್ಲಿದ್ದುದನ್ನೆಲ್ಲ ತಂಗಿಯ ಕೈಗೆ ದಾಟಿಸಿದ್ದಳು. "ಕೈ ಈ ತುಂಡು ಮುಗಿಸ್ತಿರ್ಬೇಕು ಕಣೇ, ಕಣ್ಣು ಆಗಲೇ ಮುಂದಿನದನ್ನ ಹುಡುಕ್ತಿರ್ಬೇಕು." ಇಂದು ಗೆದ್ದವರಿಗೆ ಬುಡಾಪೆಸ್ಟಿನಲ್ಲಿ ಹಾಸ್ಟೆಲು, ತೀರ್ಪುಗಾರ ಕರ್ದೋಶ್ ಮೇಷ್ಟ್ರ ಗಣಿತದ ತರಗತಿಯಲ್ಲಿ ಜಾಗ. ಸೋತರೆ ಜುಲೈಯಿಂದ ವರ್ಕ್‌ಶಾಪಿನಲ್ಲಿ ಅಕ್ಕನ ಪಕ್ಕದ ಬೆಂಚು. ಅಮ್ಮ ಆ ಕೆಲಸದ ಅರ್ಜಿಗೆ ಸಹಿ ಹಾಕಿ ಬ್ರೆಡ್ಡಿನ ಡಬ್ಬದ ಕೆಳಗೆ ಇಟ್ಟಾಗಿತ್ತು.

ಕರ್ದೋಶ್ ಮೇಷ್ಟ್ರು ಕ್ಯೂಬನ್ನು ಬೆಳಕಿಗೆ ಹಿಡಿದರು.

"ಎಷ್ಟು ತಿರುಗಿಸಿದ್ರೂ ಹೀಗೆ ಬರೋಕೆ ಸಾಧ್ಯ ಇಲ್ಲಮ್ಮ. ಯಾರೋ ಮೂಲೆ ಎಬ್ಬಿಸಿ ಮತ್ತೆ ಕೂರಿಸಿದಾರೆ."

"ನಾನಲ್ಲ ಸಾರ್."

"ಸಡಿಲ ಕ್ಯೂಬು, ಅವಸರ ಬೇರೆ. ಮೂಲೆ ಎಬ್ಬಿಸೋಕೆ ಒಂದು ಉಗುರು ಸಾಕು."

"ಉಗುರೇ ಇಲ್ವಲ್ಲ ಸಾರ್, ನೋಡಿ!" ಚಿಲ್ಲಾ ಹತ್ತೂ ಬೆರಳು ಚಾಚಿದಳು. ಬೆಳಿಗ್ಗೆ ಎಮೊಕೆಯೇ ಬುಡದವರೆಗೆ ಕತ್ತರಿಸಿದ್ದ ಉಗುರುಗಳು. ಸಭೆ ಗೊಳ್ಳೆಂದು ನಕ್ಕಿತು.

ಮೇಷ್ಟ್ರು ನಗಲಿಲ್ಲ. ಕೆಟ್ಟ ಮನುಷ್ಯರೂ ಅಲ್ಲ ಅವರು. ಸಭೆಯತ್ತ ತಿರುಗಿದರು. "ವರ್ಕ್‌ಶಾಪಿನಲ್ಲಿ ತಪ್ಪಾಗಿದ್ರೆ ಈಗ್ಲೇ ಹೇಳಿಬಿಡಿ. ಬೇರೆ ಕೊಡ್ತೀನಿ, ಹುಡುಗಿ ಇನ್ನೊಂದ್ಸಲ ಮಾಡ್ಲಿ."

ಸಭೆಯಲ್ಲಿ ಕೂತಿದ್ದ ಇರ್ಮಾ ಧಡಕ್ಕನೆ ಎದ್ದಳು. "ನಮ್ಮಲ್ಲಾ? ಹತ್ತೊಂಬತ್ತು ಜನರದ್ದು ಸರಿ ಬಂತು, ಇವಳದ್ದೊಂದೇ ಕೆಡ್ತಾ? ಎಮೊಕೆ ಕೈ ದಾಟದೆ ನಮ್ಮಲ್ಲಿ ಒಂದೂ ಹೊರಗೆ ಹೋಗಲ್ಲ ಮೇಷ್ಟ್ರೇ. ಆರು ವರ್ಷದಲ್ಲಿ ಒಂದು ತಪ್ಪಿಲ್ಲ! ಸಾಲದ್ದಕ್ಕೆ ಸ್ವಂತ ಅಕ್ಕ. ಎದ್ದೇಳೇ ಎಮೊಕೆ, ಹೇಳು. ಎಲ್ಲಾ ಬಿಡಿಸಿ ನೋಡಿದ್ದೆ ತಾನೆ?"

ಎಮೊಕೆ ಎದ್ದಳು. ಮುನ್ನೂರು ಮುಖಗಳು ಅವಳತ್ತ ತಿರುಗಿದವು. ಅವಳ ಕೆಲಸವನ್ನು ಜನರೆದುರು ಯಾರಾದರೂ ಹೊಗಳಿದ್ದು ಅದೇ ಮೊದಲು. ವೇದಿಕೆಯ ಮೇಲಿಂದ ಚಿಲ್ಲಾ ಅವಳನ್ನೇ ನೋಡುತ್ತಿದ್ದಳು. ಮುಖದಲ್ಲಿ ಭಯವಿರಲಿಲ್ಲ. ಅಕ್ಕ ಎದ್ದಳಲ್ಲ, ಇನ್ನು ಎಲ್ಲ ಸರಿಹೋಗುತ್ತದೆ ಎಂಬಂತೆ ಸಣ್ಣಗೆ ನಗುತ್ತಲೂ ಇದ್ದಳು. ಒಂದೇ ಒಂದು ಮಾತು ಸಾಕಿತ್ತು. ಎಮೊಕೆ ಬಾಯಿ ತೆರೆದಳು. ಆದರೆ ಇರ್ಮಾ ಕೇಳಿದ್ದಕ್ಕೆಲ್ಲ ಆರು ವರ್ಷದಿಂದ ಆಡುತ್ತ ಬಂದಿದ್ದ ತಲೆ, ಅವಳನ್ನು ಕೇಳದೆಯೇ ಹೌದೆಂದು ಆಡಿತು.

"ಇನ್ನೇನು ಮಾಡೋದು," ಎನ್ನುತ್ತ ಮೇಷ್ಟ್ರು ಪಟ್ಟಿಯಲ್ಲಿ ಚಿಲ್ಲಾಳ ಹೆಸರಿನ ಮೇಲೆ ಗೆರೆ ಎಳೆದರು. ಹಿಂದಿನ ಸಾಲಿನಿಂದ ಯಾರೋ "ಕಳ್ಳಿ" ಎಂದರು.

ಇಬ್ಬರೂ ಊರಿಗೆ ಮರಳುವ ಬಸ್ಸು ಹತ್ತಿದರು. ಗೆದ್ದ ಮೇಲೆ ತಿನ್ನಲೆಂದು ಅಮ್ಮ ಬಟ್ಟೆಯಲ್ಲಿ ಕಟ್ಟಿಕೊಟ್ಟಿದ್ದ ಉಪ್ಪಿನ ಪೊಗಾಚಾ ಬನ್ನುಗಳು ಎಮೊಕೆಯ ಮಡಿಲಲ್ಲಿ ಹಾಗೇ ಇದ್ದವು. ಕಿಟಕಿಯಾಚೆ ಸೂರ್ಯಕಾಂತಿ ಹೊಲಗಳು ಮುಗಿದು ತಿಸಾ ನದಿಯ ಸೇತುವೆ ಬಂತು.

"ಅಕ್ಕ, ನನ್ನ ಕೈಯೇ ಏನಾದ್ರೂ ಮಾಡಿರ್ಬೋದಾ?" ಎಂದಳು ಚಿಲ್ಲಾ. "ನಂಗೇ ಗೊತ್ತಿಲ್ದೆ?"

ಎಮೊಕೆ ಬಟ್ಟೆಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು.

"ಛೆ, ಇಲ್ಲ," ಎಂದು ಚಿಲ್ಲಾಳೇ ಮುಂದುವರಿಸಿದಳು. "ನಾನು ಬಿಚ್ಚಿಲ್ಲ ಅಕ್ಕ. ಯಾರು ನಂಬದಿದ್ರೂ ನೀನು ನಂಬ್ತೀಯಲ್ಲ?"

ಎಮೊಕೆ ತಲೆಯಾಡಿಸಿದಳು. ಸಭೆಯಲ್ಲಿ ಆಡಿಸಿದ ಹಾಗೆಯೇ, ಅಷ್ಟೇ. ಚಿಲ್ಲಾಗೆ ಅಷ್ಟು ಸಾಕಾಯಿತು. ಅಕ್ಕನ ಹೆಗಲಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.