ಪಾಚಿ ಹಿಡಿದ ಚಾವಣಿ

"ಒರೆಸೋಕೆ ನೂರ ಇಪ್ಪತ್ತು ಪೌಂಡ್ ಆಗುತ್ತೆ," ಎಂದು ಹೇಳಿಬಿಟ್ಟ ಮೇಲೆಯೇ ಡೆನ್ಜಿಲ್ ಗಾಜಿನ ಚಾವಣಿಯಿಂದ ಕಣ್ಣು ಕೆಳಗಿಳಿಸಿ ಮಂಚವನ್ನು ನೋಡಿದ್ದು. ಸ್ವಂತ ಏಣಿ, ಸ್ವಂತ ವ್ಯಾನು ಇಟ್ಟುಕೊಂಡು ಊರಿನ ಕಿಟಕಿಗಳನ್ನು ಒರೆಸುವ ಅವನು ಇಂಥ ಗಾಜಿನ ಕೋಣೆಗಳನ್ನು ಎಷ್ಟೋ ನೋಡಿದ್ದ. ಎಲ್ಲ ಕಡೆ ಇರುವ ಬೆತ್ತದ ಕುರ್ಚಿಗಳನ್ನು ಇಲ್ಲಿ ಮೂಲೆಗೆ ಸರಿಸಿ ಆಸ್ಪತ್ರೆಯ ಮಂಚ ಹಾಕಿದ್ದರು. ಮನೆಯೊಡತಿ ಲವ್‌ಡೇಯ ಗಂಡ ಜೋರಿ ಅದರ ಮೇಲೆ ಮೂಳೆ ಚಕ್ಕಳವಾಗಿ ಮಲಗಿದ್ದ.

"ಆಕಾಶ ನೋಡ್ತಾ ಇರ್ತೀನಿ ಅಂತ ಇಲ್ಲಿ ಹಾಕಿಸ್ಕೊಂಡ್ರು," ಲವ್‌ಡೇ ಮೆಲ್ಲಗೆ ಹೇಳಿದಳು. "ಮೇಲೆ ನೋಡಿದ್ರೆ ಬರೀ ಪಾಚಿ. ಭಾನುವಾರದಿಂದ ಮಾತೇ ಬಿಟ್ಟಿದ್ದಾರೆ."

ಡೆನ್ಜಿಲ್‌ಗೆ ಏನೂ ಅನ್ನಿಸಲಿಲ್ಲ. ಚಳಿಗಾಲದಲ್ಲಿ ಹೆಂಡತಿಯನ್ನು ಮಣ್ಣು ಮಾಡಿ ಬಂದಾಗಿನಿಂದ ಅವನಿಗೆ ಯಾವುದೂ ತಟ್ಟುತ್ತಿರಲಿಲ್ಲ. ಏಣಿ ಹತ್ತುತ್ತಿದ್ದ, ಗಾಜು ಒರೆಸುತ್ತಿದ್ದ, ಇಳಿಯುತ್ತಿದ್ದ. ಆದರೂ ಸಾಯುತ್ತಿರುವವನ ಹತ್ತಿರ ದುಡ್ಡು ಕೇಳಬಾರದು ಎಂಬಷ್ಟು ಗೊತ್ತಿತ್ತು. "ಹೋಗ್ಲಿ ಬಿಡಿ, ದುಡ್ಡೇನೂ..." ಎಂದು ಶುರು ಮಾಡಿದ.

"ನೂರ ಇಪ್ಪತ್ತಾ?" ಮಂಚದಿಂದ ಒಡಕು ದನಿ ಬಂತು. "ನೀರು ಚೆಲ್ಲಿ ಒರೆಸೋಕೆ? ಹಗಲುದರೋಡೆ ಕಣಯ್ಯಾ! ಅರವತ್ತು ಕೊಡ್ತೀನಿ, ಬೇಕಾದ್ರೆ ಮಾಡು."

ಲವ್‌ಡೇ ಬಾಯಿಗೆ ಕೈ ಅಡ್ಡ ಹಿಡಿದಳು. ಜೋರಿ ಮೊಣಕೈ ಊರಿ ಏಳಲು ನೋಡುತ್ತಿದ್ದ, ಮುಖಕ್ಕೆ ರಕ್ತ ಏರಿತ್ತು. ಡೆನ್ಜಿಲ್ ಅರ್ಧ ಆಡಿದ್ದ ಮಾತನ್ನು ಹಾಗೇ ನುಂಗಿಕೊಂಡು, ಮೂಲೆಯ ಕುರ್ಚಿಯೊಂದನ್ನು ಎಳೆದುಕೊಂಡು ಮಂಚದ ಪಕ್ಕ ಕೂತ.

"ಅರವತ್ತಕ್ಕೆ ಚಾವಣಿಯ ಒಂದೇ ಬದಿ ಒರೆಸ್ತೀನಿ, ಯಜಮಾನ್ರೇ," ಎಂದ. "ಅರ್ಧ ಆಕಾಶ ಸಾಕಾ?"