ಗಿಡ್ಡ ಬೋಲ್ಟಿನ ಜಾಗ

ಕೊನೆಯ ಎರಡು ಬೋಲ್ಟುಗಳು ರಟ್ಟಿನ ಮೇಲೆ ಅದಲುಬದಲಾಗಿದ್ದವು. ಊರಿನ ಜನರನ್ನು ಸಾಗಿಸುವ ಬಾಡಿಗೆ ಗಾಡಿ ಜೀಪ್ನಿಯ ಇಂಜಿನ್ನಿನ ಮುಂದಿನ ಮುಚ್ಚಳ, ಟೈಮಿಂಗ್ ಕವರ್, ಬಿಚ್ಚುವಾಗ ಕ್ರಿಸಾಂತೊ ಅದರ ಆಕಾರವನ್ನು ರಟ್ಟಿನ ಮೇಲೆ ಬರೆದು, ಪ್ರತಿ ಬೋಲ್ಟನ್ನೂ ಅದರದರ ಜಾಗದಲ್ಲೇ ಚುಚ್ಚಿಟ್ಟಿದ್ದ. ಈಗ ಗಿಡ್ಡ ಬೋಲ್ಟಿನ ಜಾಗದಲ್ಲಿ ಉದ್ದದ್ದಿತ್ತು. ಅದನ್ನು ಹಾಕಿ ಬಿಗಿದರೆ ತುದಿ ತೂತಿನ ತಳಕ್ಕೆ ಒತ್ತಿ ಇಂಜಿನ್ ಬ್ಲಾಕು ಸೀಳುತ್ತದೆ. ಮಾವನಿಗೆ ಅನ್ನ ಕೊಡುವ ಈ ಗಾಡಿ ನಿಲ್ಲುತ್ತದೆ. ಅದನ್ನು ರಿಪೇರಿ ಮಾಡಬಲ್ಲವನು ಕ್ರಿಸಾಂತೊ ಒಬ್ಬನೇ. ನಾಳೆ ಮನಿಲಾದಲ್ಲಿ ಕೆಲಸಕ್ಕೆಂದು ಹಡಗು ಹತ್ತಬೇಕಾದವನೂ ಇವನೇ.

"ರಟ್ಟು ಯಾರು ಮುಟ್ಟಿದ್ದು?"

"ಇಲಿ ಮುಟ್ಟಿರ್ಬೇಕು. ಹಡಗಿನ ಸಾಹೇಬ್ರೇ, ಗ್ಯಾಸ್ಕೆಟ್ ಪೇಸ್ಟು ಒಣಗ್ತಿದೆ, ಬೇಗ ಬಿಗೀರಿ," ಎಂದು ಮಾವ ಫೆರ್ಮಿನ್ ಡ್ರೈವರ್ ಸೀಟಿನಲ್ಲಿ ಕೂತೇ ನಕ್ಕ.

ಕವರಿನಂಚಿಗೆ ಉಕ್ಕಿದ ಪೇಸ್ಟು ಒರೆಸುತ್ತಿದ್ದ ಕ್ರಿಸಾಂತೊನ ಹೆಂಡತಿ ಮರಿಬೆಲ್ ನಗಲಿಲ್ಲ. ಅವಳು ಇದೇ ಗ್ಯಾರೇಜಿನಲ್ಲಿ ಬೆಳೆದವಳು. "ನಾನೇ," ಎಂದಳು, ಅಪ್ಪನಿಗೆ ಕೇಳಿಸದಂತೆ. "ಎರಡೇ ವರ್ಷ ಅಂತ ಹಡಗು ಹತ್ತಿದ ನಮ್ಮಣ್ಣ ಎಲ್ಲಿದಾನೆ, ಹೇಳು?"

ಕ್ರಿಸಾಂತೊ ಎರಡು ಬೋಲ್ಟುಗಳನ್ನೂ ಸ್ಪ್ಯಾನರನ್ನೂ ಅವಳ ಮುಂದೆ ಚಾಚಿದ. "ಹಾಗಾದ್ರೆ ನೀನೇ ಬಿಗಿ."

ಅವಳು ಗಿಡ್ಡದ್ದನ್ನೇ ಹಾಕುತ್ತಾಳೆಂದು ಅವನು ನಂಬಿದ್ದ. ಅವಳು ಉದ್ದದ್ದನ್ನು ಹಾಕಿ, ಅವನ ಮುಖ ನೋಡುತ್ತಲೇ ತಿರುಗಿಸಿದಳು. ಸ್ಪ್ಯಾನರು ಒಂದು ಹಂತದಲ್ಲಿ ತಡೆದು ನಿಂತಿತು. ಅವಳು ಮತ್ತೆ ಬಲ ಹಾಕುವಷ್ಟರಲ್ಲಿ ಅವನು ತಡೆಯಬಹುದಿತ್ತು. ಕೈ ಏಳಲಿಲ್ಲ.

ಕಬ್ಬಿಣ ಚಟ್ಟೆಂದಿತು.

"ಏನೋ ಅದು ಸದ್ದು?" ಮಾವನ ನಗು ನಿಂತಿತ್ತು.

ಕ್ರಿಸಾಂತೊ ಅವಳ ಕೈಯಿಂದ ಸ್ಪ್ಯಾನರು ತೆಗೆದುಕೊಂಡ. "ನನ್ನಿಂದ ತಪ್ಪಾಯ್ತು, ಮಾವ."